ಸೂತಕವಿಲ್ಲದವಳು

ಡೆನ್ಮಾರ್ಕ್ ದೇಶದ ಹುಡುಗಿಯೊಬ್ಬಳು ಓದಲು ಬಂದು ಕೆಲವು ತಿಂಗಳು ನಮ್ಮ ಮನೆಯಲ್ಲಿ ಮಗಳಾಗಿ ಇರುತ್ತಾಳೆ ಎಂದು ಹೇಳಿದಾಗ ಅಜ್ಜಿ ಕೇಳಿದ ಮೊದಲ ಪ್ರಶ್ನೆ, "ಯಾರ ಕಡೆಯೋಳು?"

ಅಪ್ಪನ ಕಡೆಯವಳೋ ಅಮ್ಮನ ಕಡೆಯವಳೋ ಎಂದು ಅದರ ಅರ್ಥ. ಯಾರ ಕಡೆಯವಳೂ ಅಲ್ಲ ಎಂದೆ.

"ಯಾರ ಕಡೆಯೋಳೂ ಅಲ್ದೋಳು ಮಗಳು ಹೆಂಗಾಗ್ತಾಳೆ?"

ಅಜ್ಜಿಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕಾಗಿಲ್ಲ ಎಂದು ನಾನು ಆಗ ತಿಳಿದಿದ್ದೆ. ಆ ಪ್ರಶ್ನೆ ಐದು ತಿಂಗಳ ನಂತರ ತಿರುಗಿ ಬಂದು ನಮ್ಮ ಜಗಲಿಯ ಮೇಲೆ ಕೂರುತ್ತದೆ ಎಂದು ಗೊತ್ತಿದ್ದರೆ ಅವತ್ತೇ ಇತ್ಯರ್ಥ ಮಾಡಿಕೊಳ್ಳುತ್ತಿದ್ದೆ.

ನಮ್ಮ ಊರು ಗಡಿಯಾಚೆ ಆಂಧ್ರದಲ್ಲಿ, ಮಡಕಶಿರಾದಿಂದ ಅಗಳಿಗೆ ಹೋಗುವ ದಾರಿಯಲ್ಲಿದೆ. ಕಡಲೆಕಾಯಿಯ ಹೊಲ, ಬೋರ್‌ವೆಲ್ ಕೆಳಗೆ ಒಂದು ತುಂಡು ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಒಂದು ಕೊಠಡಿ. ಅದನ್ನು ನಾವು ಹುಳದ ಮನೆ ಅನ್ನುತ್ತೇವೆ. ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮಡಕಶಿರಾದ ಒಂದು ಜೂನಿಯರ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿದೇಶದ ವಿದ್ಯಾರ್ಥಿಗಳನ್ನು ಇಲ್ಲಿನ ಮನೆಗಳಲ್ಲಿ ಇರಿಸುವ ಒಂದು ಸಂಸ್ಥೆಗೆ ಹಳ್ಳಿಯ ಮನೆಯೊಂದು ಬೇಕಾಗಿದೆ ಎಂದು ನನಗೆ ಕಲಿಸಿದ ಮೇಡಂ ಫೋನ್ ಮಾಡಿದ್ದರು. ಅರ್ಜಿ ತುಂಬಿದ್ದು ನಾನೇ. ಹದಿನಾಲ್ಕು ಪುಟ. 'ವಿದ್ಯಾರ್ಥಿನಿಗೆ ಪ್ರತ್ಯೇಕ ಕೋಣೆ ಇದೆಯೇ' ಎಂಬ ಸಾಲಿನ ಮುಂದೆ 'ನನ್ನ ಕೋಣೆಯಲ್ಲಿ ಇರಬಹುದು' ಎಂದು ಬರೆದೆ. ಅರ್ಜಿಯಲ್ಲಿ ನಾನು ಅಳಿಸಿ ಮತ್ತೆ ಬರೆದ ಸಾಲು ಅದೊಂದೇ.

ಹುಡುಗಿಯನ್ನು ಕರೆತರಲು ಹಿಂದೂಪುರಕ್ಕೆ ಹೋಗಿದ್ದೆ. ಹದಿನೇಳು ವರ್ಷ, ನನಗಿಂತ ಒಂದು ಗೇಣು ಎತ್ತರ. ಬಸ್ಸಿನಲ್ಲಿ ಕೂತ ಮೇಲೆ, ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ, ಆದರೆ ಇಂಗ್ಲಿಷಿನಲ್ಲಿ, ತನ್ನ ವಿಷಯ ಹೇಳಿದಳು. ನಮ್ಮದು ಅವಳಿಗೆ ಎರಡನೇ ಮನೆ. ಮೊದಲನೆಯದು ಒಂದು ದೊಡ್ಡ ನಗರದಲ್ಲಿತ್ತು. ಅಲ್ಲಿ ಅವಳಿಗೆ ಎ.ಸಿ. ಕೋಣೆ, ಬಾಟಲಿ ನೀರು, ಊಟಕ್ಕೆ ಚಮಚ. ಎರಡು ತಿಂಗಳಲ್ಲಿ ಒಂದು ತಟ್ಟೆಯನ್ನೂ ತೊಳೆಯಲು ಬಿಡಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಲೂ ಬಿಡಲಿಲ್ಲ. ಅತಿಥಿಯಾಗಿ ಇರಲು ನಾನು ಇಷ್ಟು ದೂರ ಬಂದಿಲ್ಲ ಎಂದು ಅವಳೇ ಸಂಸ್ಥೆಗೆ ಬರೆದು ಮನೆ ಬದಲಾಯಿಸಿಕೊಂಡಿದ್ದಳು. ಒಂದು ಸಲ ಬದಲಾಯಿಸಲು ಅವಕಾಶ. ಇಲ್ಲಿಯೂ ಅವಳು 'ಮನೆಯವಳಾಗಿ' ಇಲ್ಲ ಎಂದು ಕಂಡುಬಂದರೆ ಮೂರನೇ ಮನೆ ಇಲ್ಲ, ವಿಮಾನ ಹತ್ತಿಸಿ ಕಳಿಸುತ್ತಾರೆ. ನೋಡಿ ಹೋಗಲು ಸಂಸ್ಥೆಯ ಮೇಲ್ವಿಚಾರಕಿ ಯಾವಾಗ ಬೇಕಾದರೂ ಬರಬಹುದು.

"ನಾನು ಇರಬೇಕು," ಅಂದಳು. ಅಷ್ಟು ನೇರವಾಗಿ ಏನನ್ನಾದರೂ ಬೇಕು ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಮುಜುಗರ. ಕಿಟಕಿಯ ಆಚೆ ನೋಡಿದೆ.

ಮನೆ ತಲುಪಿದಾಗ ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದಳು. ನಮ್ಮ ಮನೆಯಲ್ಲಿರುವುದು ಒಂದೇ ಕುರ್ಚಿ. ಅದರ ಮೇಲೆ ಯಾವಾಗಲೂ ಈರುಳ್ಳಿ ಬುಟ್ಟಿ ಇರುತ್ತದೆ. ಬುಟ್ಟಿ ಕೆಳಗಿಳಿಯಿತು ಅಂದರೆ ಬಂದವರು ತಹಶೀಲ್ದಾರರೋ ಬೀಗರೋ ಆಗಿರಬೇಕು. ನಾವೆಲ್ಲ ನೆಲದ ಮೇಲೆ ಕೂತು, ಅವಳನ್ನು ಮೇಲೆ ಕೂರಿಸಿ ಊಟ ಬಡಿಸಿದೆವು. ಹುಡುಗಿಯ ಮುಖ ಸಣ್ಣದಾಯಿತು. ಮೊದಲ ಮನೆಯೂ ಹೀಗೇ ಕುರ್ಚಿಯಿಂದಲೇ ಶುರುವಾಗಿತ್ತಂತೆ.

ವಾರ ಕಳೆದರೂ ಕುರ್ಚಿ ತಪ್ಪಲಿಲ್ಲ. ಕೊನೆಗೆ ನಾನು ಅಜ್ಜಿಯನ್ನು ಹಿತ್ತಲಿಗೆ ಕರೆದೆ.

"ಅಜ್ಜಿ, ಅವಳನ್ನ ಒಂದ್ಸಲ ಬಯ್ಯಿ."

"ಯಾಕೆ, ಏನ್ ಮಾಡಿದ್ಲು?"

"ಏನೂ ಮಾಡಿಲ್ಲ."

"ಏನೂ ಮಾಡ್ದಿರೋಳ್ನ ಬಯ್ಯಾಕೆ ನಂಗೇನ್ ತಲೆ ಕೆಟ್ಟೈತಾ?"

"ನನ್ನನ್ನ ದಿನಾ ಬಯ್ತೀಯಲ್ಲ."

"ನೀನು ನಮ್ಮನೆಯೋಳು ಕಣೆ!"

ಅದಕ್ಕೇ ಹೇಳುತ್ತಿರುವುದು ಎಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇಷ್ಟು ಓದಿಸಿದ್ದೇ ತಪ್ಪಾಯಿತು ಅನ್ನುವ ನೋಟ. ಕೇಳಿ ಬಯ್ಯಿಸಿಕೊಂಡರೆ ಅದು ಬೈಗುಳವೇ ಅಲ್ಲ, ತಾನಾಗಿ ಬರಬೇಕು ಎಂದಳು.

ತಾನಾಗಿಯೇ ಬಂತು. ಒಂದು ದಿನ ಹುಡುಗಿ ಚಪ್ಪಲಿ ಮೆಟ್ಟಿಕೊಂಡು, ಮೈಗೆ ಸೆಂಟು ಹಾಕಿಕೊಂಡು ಹುಳದ ಮನೆಯ ಬಾಗಿಲಲ್ಲಿ ಇಣುಕಿದಳು. ರೇಷ್ಮೆ ಹುಳಕ್ಕೆ ಎಲ್ಲವೂ ತಾಗುತ್ತದೆ: ಧೂಳು, ವಾಸನೆ, ಹೊಗೆ, ಅಜ್ಜಿಯ ಪ್ರಕಾರ ಕಣ್ಣು ಕೂಡ. ಹೊರಗಿನವರಿಗೆ ಪ್ರವೇಶವಿಲ್ಲ. ನಾವೂ ಬ್ಲೀಚಿಂಗ್ ಪುಡಿಯ ನೀರಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು.

"ಯಾರೇ ಅದು! ಕಾಲಾಗೆ ಮೆಟ್ಟು, ಮೈತುಂಬ ಸೆಂಟು, ಮದುವೆಗೆ ಬಂದಂಗೆ ಬಂದು ನಿಂತವ್ಳೆ! ಕಣ್ಣು ಕಾಣಾಕಿಲ್ವಾ ನಿಂಗೆ? ನಡಿ ಆಚೆಗೆ!"

ಹುಡುಗಿ ಓಡಿ ನನ್ನ ಹತ್ತಿರ ಬಂದಳು. ಮುಖ ಅರಳಿತ್ತು. "ಅಕ್ಕ, ಬೈದ್ರು," ಅಂದಳು. ಅವಳು ಕಲಿತ ಮೊದಲ ಪೂರ್ತಿ ಕನ್ನಡ ವಾಕ್ಯ ಅದೇ ಎಂದು ನನ್ನ ನೆನಪು. ತನ್ನ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಟ್ಟುಕೊಂಡಳು. ಮಾರನೆಯ ದಿನ ಈರುಳ್ಳಿ ಬುಟ್ಟಿ ಕುರ್ಚಿಯ ಮೇಲೆ ಹೋಗಿ ಕೂತಿತು. ಹುಡುಗಿ ನೆಲಕ್ಕೆ ಬಂದಳು.

ಆಮೇಲೆ ಎಲ್ಲ ತನ್ನಷ್ಟಕ್ಕೆ ನಡೆಯಿತು. ನನ್ನ ಕಾಲೇಜಿಗೇ ಅವಳು ಇಂಟರ್, ಅಂದರೆ ಪಿಯುಸಿ, ಓದಲು ಬರುತ್ತಿದ್ದಳು. ಬಂದ ಮೇಲೆ ಸೊಪ್ಪಿನ ಹೊರೆ ಹೊತ್ತು ಹುಳದ ಮನೆಯ ಬಾಗಿಲವರೆಗೆ ತಂದಿಡುತ್ತಿದ್ದಳು. ಎರಡು ಬೆಳೆ ಕಳೆದ ಮೇಲೆ ಅಜ್ಜಿ, "ಕಾಲು ತೊಳ್ಕಂಡು ಬಾ," ಎಂದು ಒಳಗೇ ಕರೆದಳು. ನನ್ನ ಮೇಜಿನ ಮೇಲೆ ಅವಳ ಬಾಚಣಿಗೆ, ನನ್ನ ಪುಸ್ತಕದೊಳಗೆ ಅವಳ ಬಸ್ ಟಿಕೆಟ್. ಇವುಗಳ ಬಗ್ಗೆ ನಾನು ಏನೂ ಹೇಳಲಿಲ್ಲ. ಹೇಳದೆ ಇರುವುದು ನನ್ನ ಅಭ್ಯಾಸ.

ಮೂರನೇ ಬೆಳೆಯಲ್ಲಿ ಅಗಳಿಯಿಂದ ಫೋನ್ ಬಂತು. ನಮ್ಮ ಅಪ್ಪನ ಅಜ್ಜನ ತಮ್ಮನ ಮಗ ತೀರಿಕೊಂಡಿದ್ದರು. ತೊಂಬತ್ತು ದಾಟಿತ್ತು. ನಾನು ಅವರನ್ನು ನೋಡಿದ್ದಿಲ್ಲ. ಅಪ್ಪ ಒಮ್ಮೆ ನೋಡಿದ್ದರಂತೆ, ಅವರು ಮಾತಾಡಿಸಲಿಲ್ಲವಂತೆ. ಆದರೂ ಅವರು ನಮ್ಮ ದಾಯಾದಿ, ನಮ್ಮದೇ ಬಳ್ಳಿ. ಹನ್ನೊಂದು ದಿನ ಸೂತಕ. ತಲೆಗೆ ಎಣ್ಣೆಯಿಲ್ಲ, ಹೂವಿಲ್ಲ, ದೇವರ ದೀಪವಿಲ್ಲ, ಇನ್ನೊಬ್ಬರ ಮನೆಗೆ ಹೋಗುವ ಹಾಗಿಲ್ಲ.

ಹುಡುಗಿ ಕೇಳಿದಳು, "ನಂಗೂ ಇದೆಯಾ?"

"ನೀನೂ ಮನೆಯೋಳೇ ಅಲ್ವಾ? ಐತೆ," ಅಂದಳು ಅಜ್ಜಿ, ಯೋಚಿಸದೆ.

ಹುಡುಗಿ ತಕ್ಷಣ ಜಡೆಯ ಹೂವು ತೆಗೆದಳು. ಸೂತಕ ಬಂದದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. 'ನಮ್ಮ ಮನೆಯಲ್ಲಿ ಸಾವಾಗಿದೆ' ಎಂದು ತನ್ನ ತಾಯಿಗೆ ಮೆಸೇಜ್ ಕಳಿಸಿದಳು. ಹತ್ತು ನಿಮಿಷದಲ್ಲಿ ಡೆನ್ಮಾರ್ಕಿನಿಂದ ಸಂತಾಪ ಬಂತು. ನಾನು ಅದನ್ನು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿದೆ.

"ಅವ್ರಿಗೂ ತಿಳಿಸಿಬಿಟ್ಟಳಾ?" ಅಜ್ಜಿ ಗಾಬರಿಯಾದಳು. "ಅಂಗಾದ್ರೆ ಅವ್ರೂ ತಲೆಗೆ ನೀರು ಹಾಕ್ಕಬೇಕು. ಹೇಳು."

ನಾನು ಹೇಳಿದೆ. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಆದರೂ ತಾಯಿ ಸ್ನಾನ ಮಾಡಿದರಂತೆ.

ತೊಂದರೆ ಶುರುವಾದದ್ದು ಆಮೇಲೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಬಿಟ್ಟು ಎದ್ದ ಹುಳಕ್ಕೆ ಹಸಿವೋ ಹಸಿವು. ಒಂದು ವಾರ ಬಿಟ್ಟೂಬಿಡದೆ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಫೋನ್ ಬಂದ ಬೆಳಿಗ್ಗೆಯೇ ನಮ್ಮ ಹುಳಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು.

ಸೂತಕದಲ್ಲಿ ಹುಳಕ್ಕೆ ಮೇವು ಹಾಕಬಾರದು ಎಂದು ನಮ್ಮ ಸುತ್ತಲಿನ ಯಾವ ಊರಲ್ಲೂ ಇಲ್ಲ. ಅದು ಅಜ್ಜಿಯೊಬ್ಬಳ ಶಾಸ್ತ್ರ. ಅವಳು ಮದುವೆಯಾಗಿ ಬಂದ ವರ್ಷ ಸೂತಕದಲ್ಲಿ ಹುಳ ಮುಟ್ಟಿದ್ದಕ್ಕೆ ಇಡೀ ಬೆಳೆಗೆ ಸುಣ್ಣಕಟ್ಟು ರೋಗ ಬಂದು, ಹುಳಗಳೆಲ್ಲ ಬಳಪದ ಕಡ್ಡಿಯ ಹಾಗೆ ಬಿಗಿದು ಸತ್ತಿದ್ದವಂತೆ. ಅದು ಫಂಗಸ್ಸಿನಿಂದ ಬರುವ ರೋಗ ಎಂದು ನಾನು ಹೇಳಿದೆ.

"ಆ ಫಂಗಸ್ಸು ಆ ಸೂತಕದಾಗೇ ಯಾಕೆ ಬಂತು? ಅದನ್ನೇಳು."

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ಆದರೆ ಒಂದೇ ಒಂದು ಉದಾಹರಣೆಯ ಮೇಲೆ ಅರವತ್ತು ವರ್ಷ ನಂಬಿಕೆ ಇಟ್ಟವರ ಮುಂದೆ ಅದನ್ನು ಹೇಳಲು ಬರುವುದಿಲ್ಲ.

ಜಗಲಿಯ ಮೇಲೆ ಸಭೆ ಕೂತಿತು. ಯಾರು ಒಳಗೆ ಹೋಗುವುದು? ನಾವು ನಾಲ್ವರಿಗೂ ಸೂತಕ. ನಮ್ಮ ಬೀದಿಯವರೆಲ್ಲ ದಾಯಾದಿಗಳೇ, ಅವರಿಗೂ ಸೂತಕ. ಸೊಪ್ಪು ಕುಯ್ಯುವ ಕೂಲಿಯವರು ಬಾಗಿಲವರೆಗೆ ತರಬಹುದು, ಆದರೆ ಅವರು ಹೊರಗಿನವರು.

"ಇವಳಿಗೆ ಲಗ್ನ ಆಗಿ ಬ್ಯಾರೆ ಮನೆಗೆ ಹೋಗಿದ್ರೆ ಮೂರು ದಿನಕ್ಕೆ ಮುಗೀತಿತ್ತು," ಎಂದು ಅಜ್ಜಿ ನನ್ನ ಕಡೆ ಕೈ ಮಾಡಿದಳು. "ಬಂದು ಮೇವು ಹಾಕ್ತಿದ್ಲು. ಬ್ಯಾಡ ಬ್ಯಾಡ ಅಂದ್ಲು. ಈಗ ನೋಡು, ಹುಳ ಉಪವಾಸ."

ನನ್ನ ಮದುವೆಯನ್ನು ಅಲ್ಲಿಯವರೆಗೆ ಯಾರೂ ಹುಳದ ಮೇವಿನ ದೃಷ್ಟಿಯಿಂದ ನೋಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಕಣ್ಣು ಹುಡುಗಿಯ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಅಮ್ಮನ ಕಡೆ ತಿರುಗಿದಳು.

"ಏ ರಾಯದುರ್ಗದೋಳೇ, ನಿಮ್ಮಣ್ಣಂಗೆ ಫೋನ್ ಹಚ್ಚು."

ಅಮ್ಮನ ತವರು ರಾಯದುರ್ಗ. ಮದುವೆಯಾದಂದಿನಿಂದ ಅಜ್ಜಿ ಆ ಊರನ್ನು ನೆನೆಯುವುದು ಸಾರಿಗೆ ಖಾರ ಹೆಚ್ಚಾದಾಗ ಮಾತ್ರ. ಅಮ್ಮ ಅನುಮಾನದಿಂದಲೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ನಮ್ಮ ಮಾವನಿಗೆ ಅಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಒಂದು ಸಣ್ಣ ಶೆಡ್ಡು. ಹಿಂದೆ ಮಿಷನ್ನುಗಳ ಸದ್ದು ಕೇಳುತ್ತಿತ್ತು.

"ಏನ್ರಿ ಅಮ್ಮಾರ, ಆರಾಮ ಇದೀರಿ?"

"ಆರಾಮು ಅಂಗಿರ್ಲಿ. ನಿಂಗೆ ಎಷ್ಟು ಜನ ಮಕ್ಳಪ್ಪ?"

"ಇಬ್ರು ಗಂಡುಮಕ್ಕಳ್ರಿ. ಯಾಕ್ರಿ?"

"ಇವತ್ತಿಂದ ಒಬ್ಳು ಹೆಣ್ಮಗಳು."

ಮಾವ ಮಿಷನ್ನು ನಿಲ್ಲಿಸಲು ಯಾರಿಗೋ ಕೂಗಿ ಹೇಳಿದರು. ಆಮೇಲೆ, "ಯಾರ್ರಿ ಆಕಿ?"

"ಅದೇ, ನಮ್ಮನೆಗೆ ಬಂದವ್ಳಲ್ಲ, ಬೆಳ್ಳನೆ ಹುಡುಗಿ."

"ಆಕಿ ನಿಮ್ಮನಿ ಮಗಳಲ್ಲೇನ್ರಿ?"

"ಹನ್ನೊಂದು ದಿನ ಅಲ್ಲ."

ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. "ಓ, ಸೂತಕ ಬಂತೇನ್ರಿ? ಹುಳಕ್ಕ ಮೇವು ಹಾಕಾಕ ಜನ ಬೇಕಲ್ರಿ. ಹಂಗಾರ ಆಕಿ ನಮ್ಮಾಕೀನ ಆತು ತಗೋರಿ. ನಾಳಿ ಬಂದು ಉಡಿ ತುಂಬಿ ಹೋಗ್ತೀನಿ."

ಅಜ್ಜಿಯ ತರ್ಕ ಹೀಗಿತ್ತು. ಸೋದರಮಾವನ ಮಗಳು ಹೊರಗಿನವಳಲ್ಲ, ಬಂಧು. ಆದ್ದರಿಂದ ಹುಳದ ಮನೆಗೆ ಹೋಗಬಹುದು. ಆದರೆ ಅವಳ ಬಳ್ಳಿ ಬೇರೆ. ಆದ್ದರಿಂದ ನಮ್ಮ ಸೂತಕ ಅವಳಿಗಿಲ್ಲ. ನಾನು ಇದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

"ನಂಗೆ ಸೂತಕ ಇಲ್ವಾ?" ಹುಡುಗಿ ಕೇಳಿದಳು.

"ಇಲ್ಲ ಕಣ್ ಮಗ."

"ಬೆಳಿಗ್ಗೆ ಇತ್ತು."

"ಬೆಳಿಗ್ಗೆ ನೀನು ಈ ಮನೆಯೋಳಾಗಿದ್ದೆ. ಈಗ ರಾಯದುರ್ಗದೋಳು. ಇನ್ನೊಂದು ಕೇಳ್ಕ, ಇವಳ್ನ ಇನ್ಮೇಲೆ ಅಕ್ಕ ಅನ್ಬ್ಯಾಡ. ಮಾವನ ಮಗಳಿಗೆ ಇವಳು ಅತ್ತಿಗೆ ಆಗ್ಬೇಕು."

ಕುರ್ಚಿಯಲ್ಲಿ ಕೂರಿಸಿದ ದಿನ ಆದ ಹಾಗೆಯೇ ಅವಳ ಮುಖ ಸಣ್ಣದಾಯಿತು. ನನಗೂ ಏನೋ ಹಿಡಿಸಲಿಲ್ಲ. ಅದು ಆ 'ಅಕ್ಕ' ಹೋದದ್ದು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಅವಳು ಕಾಲು ತೊಳೆದುಕೊಂಡು ಸೊಪ್ಪಿನೊಂದಿಗೆ ಒಳಗೆ ಹೋಗಿದ್ದಳು.

ಮಾವ ಮಾರನೆಯ ದಿನ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಬಂದರು. ಸೂತಕದ ಮನೆಯೊಳಗೆ ಬರುವ ಹಾಗಿಲ್ಲ. ಮನೆಯ ಮುಂದಿನ ಬೇವಿನ ಮರದ ಕೆಳಗೆ ಹುಡುಗಿಯನ್ನು ನಿಲ್ಲಿಸಿ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಉಡಿಗೆ ಹಾಕಿದರು. ಮೇಲೆ ಒಂದು ಜೀನ್ಸ್ ಪ್ಯಾಂಟು. "ಸೀರಿ ಉಡಾಂಗಿಲ್ಲ ಆಕಿ. ಅದಕ್ಕ ನಮ್ಮ ಶೆಡ್ಡಿಂದ ತಂದೀನ್ರಿ. ಉದ್ದ ಅಂದ್ರ ಇದ ಉದ್ದ ನಮ್ಮಲ್ಲಿ," ಅಂದರು. ಪ್ಯಾಂಟು ಅವಳಿಗೆ ನಾಲ್ಕು ಬೆರಳು ಗಿಡ್ಡವಾಯಿತು. ಅಮ್ಮ ಜಗಲಿಯಿಂದಲೇ ನೋಡುತ್ತ ನಿಂತಿದ್ದಳು. ತನ್ನ ತವರು ಈ ಮನೆಗೆ ಬೇಕಾದದ್ದು ಇದೇ ಮೊದಲು. ಅವತ್ತು ಸಾರಿಗೆ ಧಾರಾಳವಾಗಿ ಖಾರ ಹಾಕಿದಳು. ಅಜ್ಜಿ ಏನೂ ಅನ್ನದೆ ಉಂಡಳು.

ರಾಯದುರ್ಗದವಳಾದ ಮೇಲೆ ಹುಡುಗಿ ನಮ್ಮನ್ನು ಮುಟ್ಟುವ ಹಾಗಿರಲಿಲ್ಲ. ನಾವು ಬೇಯಿಸಿದ್ದನ್ನು ಉಂಡು ಹುಳದ ಮನೆಗೆ ಹೋಗುವ ಹಾಗಿರಲಿಲ್ಲ. ಹಿತ್ತಲಲ್ಲಿ ಅವಳಿಗೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ನೀರಿನ ಕೊಡ. ಮುದ್ದೆ ತಾನೇ ತಿರುವಿಕೊಂಡು ಗಂಟುಗಂಟಾಗಿ ಮಾಡಿಕೊಳ್ಳುತ್ತಿದ್ದಳು. ಹಾಸಿಗೆ ಪಡಸಾಲೆಗೆ ಹೋಯಿತು. ನನ್ನ ಮೇಜಿನ ಮೇಲೆ ನನ್ನ ವಸ್ತುಗಳು ಮಾತ್ರ ಉಳಿದವು. ನಾನು ಐದು ತಿಂಗಳಿನಿಂದ ಬಯಸಿದ್ದು ಅದೇ. ಮೇಜು ನೋಡಲು ಚೆನ್ನಾಗಿರಲಿಲ್ಲ.

ನಾವೆಲ್ಲ ನೆಲದ ಮೇಲೆ ಉಣ್ಣುವಾಗ ಅವಳು ದೂರ ಕೂರಬೇಕಿತ್ತು. ಒಂದೇ ನೆಲ ತಾಗಬಾರದು ಎಂದು ಈರುಳ್ಳಿ ಬುಟ್ಟಿ ಇಳಿಸಿ ಮತ್ತೆ ಕುರ್ಚಿ ಹಾಕಿದರು.

ಹುಳಕ್ಕೆ ಮಾತ್ರ ಕೊರತೆಯಾಗಲಿಲ್ಲ. ಹುಳದ ಮನೆಗೆ ಬಲೆ ಹೊಡೆದ ಒಂದು ಕಿಟಕಿ ಇದೆ. ನಾವು ನಾಲ್ಕು ಜನ ಆ ಕಿಟಕಿಗೆ ಮುಖ ಕೊಟ್ಟು ನಿಲ್ಲುತ್ತಿದ್ದೆವು.

"ಬಲಗಡೆ ಮೂಲೆ! ಮೂಲೆ ಖಾಲಿ!" ಎಂದು ಅಪ್ಪ. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ತೆಳ್ಳಗೆ ಹಾಕು ಮಗ, ಹುಳದ ಮ್ಯಾಲೆ ಕಂಬಳಿ ಹೊದಿಸ್ದಂಗೆ ಹಾಕ್ಬ್ಯಾಡ!" ಎಂದು ಅಜ್ಜಿ.

"ಪಾಪ, ಆಕಿ ಊಟ ಮಾಡ್ಲಿ ಬಿಡ್ರಿ," ಎಂದು ಅಮ್ಮ. ತವರಿನ ಮಗಳು ಬಂದ ಮೇಲೆ ಅಮ್ಮನ ಬಾಯಲ್ಲಿ ರಾಯದುರ್ಗದ ಮಾತು ತಿರುಗಿ ಬಂದಿತ್ತು.

ಎಂಟನೆಯ ದಿನ, ಕಾಲೇಜಿಗೆ ರಜೆ ಹಾಕಿ ನಾನು ಮನೆಯಲ್ಲಿದ್ದಾಗ, ಬಾಗಿಲ ಮುಂದೆ ಬಿಳಿ ಕಾರು ನಿಂತಿತು. ಸಂಸ್ಥೆಯ ಮೇಲ್ವಿಚಾರಕಿ. ನಮ್ಮ ಕಡೆಯವರೇ, ಮನೆಮಾತು ತೆಲುಗು, ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಟ್ಯಾಬು. ಅವರು ಕಾರಿನಿಂದ ಇಳಿಯುತ್ತಲೇ ಕಂಡದ್ದು: ನಾಲ್ಕು ಜನ ಒಟ್ಟಿಗೆ ಜಗಲಿಯ ನೆಲದ ಮೇಲೆ ಕೂತು ಉಣ್ಣುತ್ತಿದ್ದಾರೆ. ಹತ್ತು ಅಡಿ ದೂರದಲ್ಲಿ ವಿದೇಶಿ ಹುಡುಗಿ ಗಿಡ್ಡ ಪ್ಯಾಂಟು ಹಾಕಿಕೊಂಡು ಒಬ್ಬಳೇ ಕುರ್ಚಿಯಲ್ಲಿ ಗಂಟುಮುದ್ದೆ ನುಂಗುತ್ತಿದ್ದಾಳೆ. ಅಷ್ಟರಲ್ಲಿ ಅಜ್ಜಿ, "ಏಯ್, ಮೇವು ಮುಗೀತೇನೋ ನೋಡೋಗು!" ಎಂದು ಕೂಗಿದಳು. ಹುಡುಗಿ ತಟ್ಟೆ ಬಿಟ್ಟು ಓಡಿದಳು.

ಮೇಲ್ವಿಚಾರಕಿ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಅವಳು ಬೇರೆ ಕೂತು ಉಣ್ಣುತ್ತಾಳೆಯೇ? ಹೌದು. ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತಾಳೆಯೇ? ಹೌದು. ಆ ಕೊಠಡಿಯಲ್ಲಿ ಒಬ್ಬಳೇ ಕೆಲಸ ಮಾಡುತ್ತಾಳೆಯೇ? ಹೌದು. ನನಗೆ ಸುಳ್ಳು ಹೇಳಲು ಬರುವುದಿಲ್ಲ. ವಿವರಿಸಲು ಅದಕ್ಕಿಂತ ಕಡಿಮೆ ಬರುತ್ತದೆ.

ಅವರು ಅಜ್ಜಿಯ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು, ಈ ಹುಡುಗಿ ನಿಮ್ಮ ಮನೆಯವಳೇನಾ? ನಮ್ಮಲ್ಲಿ ತೆಲುಗು ಬರದವರಿಲ್ಲ. ನಾನು ನಡುವೆ ನಿಂತು ಅನುವಾದದಲ್ಲಿ ಏನನ್ನೂ ಮೆತ್ತಗೆ ಮಾಡುವ ಹಾಗಿರಲಿಲ್ಲ.

"ಕಾದು," ಅಂದಳು ಅಜ್ಜಿ. ಅಲ್ಲ.

ಟ್ಯಾಬಿನ ಮೇಲೆ ಬೆರಳು ಓಡಿತು. ವ್ಯಾಖ್ಯಾನ ಬೇಡದ ಉತ್ತರ ಸಿಕ್ಕವರ ವೇಗ. ಹುಡುಗಿ ಹುಳದ ಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. 'ಕಾದು' ಎಂದರೇನು ಎಂದು ಅವಳಿಗೂ ಅಷ್ಟು ಹೊತ್ತಿಗೆ ಗೊತ್ತಿತ್ತು. ವಿಮಾನ ಅವಳ ಕಣ್ಣಿನಲ್ಲೇ ಕಾಣುತ್ತಿತ್ತು.

ಮೇಲ್ವಿಚಾರಕಿ ಬಿಸಿಲಿಗೆ ಸೆರಗು ಬೀಸಿಕೊಂಡು ಕುಡಿಯಲು ನೀರು ಕೇಳಿದರು. ಅಮ್ಮ ಎದ್ದವಳು ಅಲ್ಲೇ ನಿಂತಳು. "ಮೈಲ, ಅಮ್ಮ," ಅಂದಳು. ಮೈಲ ಅಂದರೆ ತೆಲುಗಿನಲ್ಲಿ ಸೂತಕ.

ಅವರು ಟ್ಯಾಬು ಎದೆಗವಚಿಕೊಂಡು ಮೂರು ಹೆಜ್ಜೆ ಹಿಂದೆ ಸರಿದರು. ಮುಂದಿನ ವಾರ ಅವರ ಮಗಳ ಮದುವೆಯಂತೆ. ಚಪ್ಪರ ಹಾಕಿ ಆಗಿದೆಯಂತೆ. ಮೊದಲೇ ಹೇಳಬಾರದಿತ್ತೇ ಎಂದು ನನ್ನ ಮೇಲೆ ರೇಗಿದರು. ಅದು ಅರ್ಜಿಯ ಹದಿನಾಲ್ಕು ಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಆಗ ಹುಡುಗಿ ತನ್ನ ಕೊಡದಿಂದ, ತನ್ನ ಲೋಟದಲ್ಲಿ ನೀರು ತಂದು ಅವರಿಗೆ ಕೊಟ್ಟಳು. "ಕುಡೀರಿ. ನಂಗೆ ಸೂತಕ ಇಲ್ಲ," ಅಂದಳು. "ನಾನು ಇವರ ಸೋದರಮಾವನ ಮಗಳು. ರಾಯದುರ್ಗ."

ಮೇಲ್ವಿಚಾರಕಿ ಲೋಟವನ್ನು ನೋಡಿದರು, ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಹೌದು ಎಂದು ತಲೆ ಆಡಿಸಿದೆ. ಅಜ್ಜಿ ತೆಲುಗಿನಲ್ಲಿ ನಾಲ್ಕು ಮಾತು ಸೇರಿಸಿದಳು: ಹುಳ, ಸಾವು, ಫೋನು, ಉಡಿ. ಅವರ ಹುಬ್ಬು ಸಡಿಲವಾಯಿತು.

"ಅಂಟೇ ಮೇನಮಾಮ ಕೂತುರು!" ಎಂದು ಉದ್ಗರಿಸಿದರು. ಹಾಗಾದರೆ ಸೋದರಮಾವನ ಮಗಳು! ನೀರನ್ನು ಒಂದೇ ಗುಟುಕಿಗೆ ಕುಡಿದರು. ಅವರ ಮನೆಯಲ್ಲೂ ಲೆಕ್ಕ ಇದೇ. ಆದರೆ ಕುಡಿದು ಮುಗಿಸಿದ ಮೇಲೆ ನಿಯಮ ನೆನಪಾಯಿತು. ಹುಡುಗಿ ರಾಯದುರ್ಗದ ಮನೆಯವಳಾದರೆ ಇದು ಅವಳಿಗೆ ಮೂರನೇ ಮನೆಯಾಯಿತಲ್ಲ? ಮೂರನೆಯದಕ್ಕೆ ಅವಕಾಶವೇ ಇಲ್ಲವಲ್ಲ? ಹಾಗೆಂದು ಈ ಮನೆಯವಳೇ ಎಂದು ಬರೆದರೆ, ತಾವು ಈಗಷ್ಟೇ ಕುಡಿದ ನೀರು ಸೂತಕದ್ದಾಗುತ್ತದಲ್ಲ? ಅವರು ಖಾಲಿ ಲೋಟ ಹಿಡಿದು ಬಿಸಿಲಲ್ಲೇ ನಿಂತರು.

"ತವರುಮನೇನ ಯಾರಾದ್ರೂ ಇನ್ನೊಂದು ಮನೆ ಅಂತ ಎಣಿಸ್ತಾರಾ?" ಅಜ್ಜಿ ಕೇಳಿದಳು. "ನಾಳೆ ನಿನ್ ಮಗಳು ಗಂಡನ ಮನೆಗೋದ್ರೆ, ನಿನ್ ಮನೇನ ಲೆಕ್ಕದಿಂದ ತೆಗೆದಾಕ್ತೀಯಾ?"

ಅವರು ಉತ್ತರಿಸುವ ಮೊದಲೇ ಹುಳದ ಮನೆಯ ಕಡೆ ಓಡಿದ್ದ ಹುಡುಗಿ ಕಿರುಚಿದಳು. "ಅಜ್ಜಿ! ಹಣ್ಣಾಗವೆ! ಎಲ್ಲಾ ಹಣ್ಣಾಗವೆ!"

ಹುಳ ಹಣ್ಣಾಯಿತು ಅಂದರೆ ಮೈ ಹಳದಿಯಾಗಿ, ತಿನ್ನುವುದು ಬಿಟ್ಟು, ತಲೆಯೆತ್ತಿ ಗೂಡಿಗೆ ಜಾಗ ಹುಡುಕುತ್ತದೆ. ಆಗಲೇ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ತಟ್ಟೆಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಸುರಿದುಬಿಡುತ್ತದೆ. ನಾಲ್ಕೈದು ಜನ ಸೇರಿ ಮಾಡುವ ಕೆಲಸ. ಒಳಗಿದ್ದವಳು ಒಬ್ಬಳು.

ಅಜ್ಜಿ ಮೇಲ್ವಿಚಾರಕಿಯನ್ನು ಬಳೆಯಿಂದ ಕಾಲಿನವರೆಗೆ ನೋಡಿದಳು. ನನ್ನನ್ನು ಕನ್ನಡದಲ್ಲಿ ಕೇಳಿದಳು, "ಈಯಮ್ಮ ಹುಡುಗಿಗೆ ಏನಾಗ್ಬೇಕು?"

"ಇಲ್ಲಿ ಇರೋವರೆಗೂ ತಾಯಿ ಜಾಗದಲ್ಲಿ ಇರೋರು ಅಂತ ಕಾಗದದಲ್ಲಿ ಇದೆ," ಎಂದೆ. ಅದು ನಿಜವಾಗಿಯೂ ಇತ್ತು, ಹನ್ನೊಂದನೇ ಪುಟದಲ್ಲಿ.

"ಅಂಗಾದ್ರೆ ಚಿಕ್ಕಮ್ಮ. ಹುಡುಗಿ ರಾಯದುರ್ಗದೋಳು ಅಂದ್ಮೇಲೆ ಚಿಕ್ಕಮ್ಮನೂ ರಾಯದುರ್ಗದೋಳೇ. ಬಂಧು. ಒಳೀಕೆ ಹೋಗ್ಲಿ."

ಮೇಲ್ವಿಚಾರಕಿ ಇದು ತಮ್ಮ ಕೆಲಸವಲ್ಲ ಎಂದು ಹೇಳತೊಡಗಿದರು. ಅಜ್ಜಿ ಬ್ಲೀಚಿಂಗ್ ನೀರಿನ ಕಡೆ ಬೆರಳು ತೋರಿಸಿದಳು. ಆ ಬೆರಳಿಗೆ ಎದುರಾಡಿದವರನ್ನು ನಾನಂತೂ ನೋಡಿಲ್ಲ. ಟ್ಯಾಬನ್ನು ಕಾರಿನಲ್ಲಿಟ್ಟು, ಸೆರಗು ಸಿಕ್ಕಿಸಿ, ಕಾಲು ಅದ್ದಿ ಒಳಗೆ ಹೋದರು. ಮೊದಲ ಹುಳ ಹಿಡಿದಾಗ ಚೀರಿದರು. ಹತ್ತನೆಯದಕ್ಕೆ ಸುಮ್ಮನಾದರು. ಹೊತ್ತು ಇಳಿಯುವ ಹೊತ್ತಿಗೆ ಅಜ್ಜಿ ಕಿಟಕಿಯಿಂದ, "ಏಯ್, ಹಿಂಡ್ಬ್ಯಾಡ! ನಿಂಬೆಹಣ್ಣು ಅಂದ್ಕಂಡಿದೀಯಾ? ಇಷ್ಟು ವಯಸ್ಸಾಗೈತೆ, ಒಂದು ಹುಳ ಹಿಡ್ಯಾಕೆ ಬರಲ್ವಾ?" ಎಂದು ತೆಲುಗು ಕನ್ನಡ ಎರಡರಲ್ಲೂ ಬಯ್ಯುತ್ತಿದ್ದಳು. ಒಳಗಿನಿಂದ ಹುಡುಗಿ ಅವರಿಗೆ ಸಮಾಧಾನ ಹೇಳುವುದು ಕೇಳಿಸಿತು. ಬೈದರೆ ಒಳ್ಳೆಯದು, ಬರೆದಿಟ್ಟುಕೊಳ್ಳಿ, ಎಂದು.

ಕೊನೆಯ ಚಂದ್ರಿಕೆ ತುಂಬಿದ ಮೇಲೆ ಅವರು ಕಾರು ಹತ್ತಿದರು. ಏನು ಬರೆದರು ಎಂದು ತೋರಿಸಲಿಲ್ಲ. "ನಾನು ಹೊರಗೇ ನಿಂತಿದ್ದೆ. ನಮ್ಮ ಮದುವೆಮನೆಯವರು ಯಾರು ಕೇಳಿದರೂ ಅಷ್ಟೇ," ಎಂದು ನನಗೆ ಮಾತ್ರ ಹೇಳಿ ಹೋದರು. ಅವರ ಕೂದಲಲ್ಲಿ ಒಂದು ಎಳೆ ರೇಷ್ಮೆ ನೂಲು ಸಿಕ್ಕಿಕೊಂಡಿತ್ತು.

ಎರಡು ದಿನ ಹುಡುಗಿ ತನ್ನ ಪೆಟ್ಟಿಗೆಯ ಬಟ್ಟೆಗಳನ್ನು ತೆಗೆದು ಮಡಿಸಿ ಮತ್ತೆ ಅದರಲ್ಲೇ ಇಟ್ಟಳು. ಮೂರನೆಯ ದಿನ, ಅಂದರೆ ಸೂತಕ ಕಳೆಯುವ ಹನ್ನೊಂದನೆಯ ದಿನದ ಬೆಳಿಗ್ಗೆ, ಫೋನ್ ಬಂತು. ಅವಳು ಇರಬಹುದು. 'ಈ ಮನೆಯಲ್ಲಿ ಅತಿಥಿಗಳಿಗೆ ಜಾಗವಿಲ್ಲ' ಎಂದು ವರದಿಯಲ್ಲಿ ಒಂದೇ ಸಾಲು ಬರೆದಿದ್ದೆ ಎಂದು ಮೇಲ್ವಿಚಾರಕಿ ಹೇಳಿದರು. ಇದು ದೂರೋ ಎಂದು ಮುಖ್ಯ ಕಚೇರಿಯವರು ಕೇಳಿದರಂತೆ. ಅಲ್ಲ, ನಾನೇ ಅನುಭವಿಸಿ ಬಂದಿದ್ದೇನೆ ಎಂದರಂತೆ.

ನಾನು ವಿಷಯ ಹೇಳಿದಾಗ ಹುಡುಗಿ ಕೂಗಲಿಲ್ಲ, ಕುಣಿಯಲಿಲ್ಲ. ಹೋಗಿ ಪೆಟ್ಟಿಗೆಯನ್ನು ನನ್ನ ಕೋಣೆಯೊಳಗೆ ತಳ್ಳಿ ಬಂದಳು.

ಆಗ ಅಜ್ಜಿ ಚೊಂಬಿನಲ್ಲಿ ಗೋಮೂತ್ರ, ಕೈಯಲ್ಲಿ ಮಾವಿನ ಸೊಪ್ಪು ಹಿಡಿದು ಮನೆ ಶುದ್ಧಿಗೆ ನಿಂತಿದ್ದಳು. ತಲೆಗೆ ನೀರು ಹಾಕಿಕೊಂಡು ಅಪ್ಪ, ಅಮ್ಮ, ನಾನು ಸಾಲಾಗಿ ನಿಂತೆವು. ನನ್ನ ಪಕ್ಕದಲ್ಲಿ ಬಂದು ಹುಡುಗಿ ನಿಂತಳು. ಅವಳ ಕೂದಲಿನಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ನೀನ್ಯಾಕೆ? ನಿಂಗೆಲ್ಲೈತೆ ಸೂತಕ? ನೀನು ರಾಯದುರ್ಗದೋಳು," ಅಂದಳು ಅಜ್ಜಿ.

"ಹುಳ ಗೂಡು ಕಟ್ಟಾಯ್ತು. ರಾಯದುರ್ಗದ ಕೆಲ್ಸ ಮುಗೀತು," ಅಂದಳು ಹುಡುಗಿ. ಸರಿಯಲಿಲ್ಲ.

ಅಜ್ಜಿ ಯೋಚಿಸಿದಳು. ನಾನೂ ಜೊತೆಗೇ ಯೋಚಿಸಿದೆ. ಈಗ ಇವಳಿಗೆ ಶುದ್ಧಿ ಮಾಡಿದರೆ ಇಷ್ಟು ದಿನ ಇವಳಿಗೂ ಸೂತಕವಿತ್ತು ಎಂದಾಗುತ್ತದೆ. ಹಾಗಾದರೆ ಸೂತಕದವಳೇ ಹುಳ ಮುಟ್ಟಿದ ಹಾಗಾಯಿತು. ಅದರ ಜೊತೆಗೆ ಒಂದು ಲೋಟ ನೀರು, ಒಂದು ಮದುವೆಯ ಚಪ್ಪರ. ಮಾಡದಿದ್ದರೆ ಇವಳು ಈ ಸಾಲಿನಲ್ಲಿ ನಿಲ್ಲಲು ಯಾರೂ ಅಲ್ಲ.

ಅಜ್ಜಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಮಾವಿನ ಸೊಪ್ಪನ್ನು ಚೊಂಬಿನಲ್ಲಿ ಅದ್ದಿ ಒಂದೇ ಸಲ ಈ ತುದಿಯಿಂದ ಆ ತುದಿಗೆ ಬೀಸಿದಳು. ನನ್ನ ಕನ್ನಡಕದ ಮೇಲೆಲ್ಲ ಹನಿ.

"ಯಾರ್ ಮ್ಯಾಲೆ ಬಿತ್ತೋ ನಾನ್ ನೋಡ್ಲಿಲ್ಲ. ನಂಗ್ಯಾರೂ ಹೇಳ್ಬ್ಯಾಡಿ," ಎಂದು ಕಣ್ಣು ಮುಚ್ಚಿಕೊಂಡೇ ತಿರುಗಿ ಒಳಗೆ ಹೋದಳು.

"ಅಕ್ಕ," ಎಂದು ಹುಡುಗಿ ನನ್ನ ತೋಳು ಹಿಡಿದಳು. "ಬಿತ್ತು."

ಅವಳ ಹಣೆಯ ಮೇಲೆ ಮೂರು ಹನಿ ಇದ್ದವು. ನಾನು ಎಣಿಸಿದೆ. ಅಷ್ಟರಲ್ಲಿ ಅಮ್ಮ ಈರುಳ್ಳಿ ಬುಟ್ಟಿಯನ್ನು ಎತ್ತಿ ಕುರ್ಚಿಯ ಮೇಲೆ ಇಟ್ಟಾಗಿತ್ತು.